ಇಲಿ ಮನೆಯ ವಾಸನೆ: ಒಂದು ಸಣ್ಣ ಲೆಕ್ಕ, ಒಂದಿಷ್ಟು ಕೆಮಿಸ್ಟ್ರಿ

ಇಲಿ ಸಾಕಿದೀವಿ ಅಂತ ಯಾರಿಗೇ ಹೇಳಿದ್ರೂ ಬರೋ ಮೊದಲ ಪ್ರಶ್ನೆ ಒಂದೇ: "ವಾಸನೆ ಬರಲ್ವಾ?" ಎರಡನೇ ಪ್ರಶ್ನೆ, "ಗಣೇಶನ ಹಬ್ಬಕ್ಕಾ?" ಎರಡನೆಯದಕ್ಕೆ ನಕ್ಕು ಸುಮ್ಮನಾಗಬಹುದು. ಮೊದಲನೆಯದಕ್ಕೆ ಸರಿಯಾದ ಉತ್ತರ ಕೊಡೋದಕ್ಕೇ ಈ ಲೇಖನ.

ನಾವು ಮೂವರು ಶಿವಮೊಗ್ಗದಲ್ಲಿ ಒಂದು ಬಾಡಿಗೆ ರೂಮಿನಲ್ಲಿದ್ದೇವೆ. ಅಲ್ಲಿ ಎರಡು ಬಿಳಿ ಇಲಿಗಳಿವೆ, ಎರಡೂ ಹೆಣ್ಣು. ಹೆಸರು ತುಂಗಾ ಮತ್ತು ಭದ್ರಾ. ಮಳೆಗಾಲ ಶುರುವಾಗುವ ಮೊದಲೇ ನಮ್ಮ ಓನರ್ ಆಂಟಿ ಸ್ಪಷ್ಟವಾಗಿ ಹೇಳಿದ್ದರು: "ನೋಡ್ರಪ್ಪಾ, ಇಲಿ ಇಟ್ಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ಮೆಟ್ಟಿಲ ಹತ್ರ ವಾಸನೆ ಬಂತು ಅಂದ್ರೆ ಇಲಿನೂ ಹೊರಗೆ, ನೀವೂ ಹೊರಗೆ." ನಮಗೆ ಬೇರೆ ರೂಮು ಸಿಗಬಹುದು. ಆದರೆ ಪಂಜರದಲ್ಲೇ ಹುಟ್ಟಿ ಬೆಳೆದ ಬಿಳಿ ಇಲಿಯನ್ನು ಹೊರಗೆ ಬಿಟ್ಟರೆ ಬೆಕ್ಕು, ಕಾಗೆ, ಮಳೆ, ಹಸಿವು ಇವುಗಳಲ್ಲಿ ಯಾವುದಾದರೂ ಒಂದು ಅದನ್ನು ಒಂದೆರಡು ದಿನದಲ್ಲೇ ಮುಗಿಸುತ್ತೆ. ಹಾಗಾಗಿ ವಾಸನೆಯ ವಿಷಯವನ್ನು ನಾವು ಲ್ಯಾಬ್ ಅಸೈನ್‌ಮೆಂಟ್‌ಗಿಂತ ಸೀರಿಯಸ್ಸಾಗಿ ತಗೊಂಡೆವು.

ಇಂಜಿನಿಯರಿಂಗ್ ಓದುವವರಿಗೆ ಅಭ್ಯಾಸವಾದ ಕ್ರಮದಲ್ಲೇ ಹೋಗೋಣ. ವಾಸನೆ ಎಲ್ಲಿ ಹುಟ್ಟುತ್ತೆ, ಎಷ್ಟು ಹುಟ್ಟುತ್ತೆ, ಎಲ್ಲಿಗೆ ಹೋಗುತ್ತೆ, ಎಲ್ಲಿ ತಡೆಯಬಹುದು.

1. ಒಂದೇ ವಾಸನೆ ಅಲ್ಲ, ನಾಲ್ಕು

"ಇಲಿ ವಾಸನೆ" ಅಂತ ಒಂದೇ ಹೆಸರಲ್ಲಿ ಕರೆದರೂ ಅದರಲ್ಲಿ ನಾಲ್ಕು ಬೇರೆ ಬೇರೆ ಮೂಲಗಳಿವೆ. ಮೊದಲನೆಯದು ಅಮೋನಿಯಾ, ಮೂಗಿಗೆ ಚುರ್ ಅನ್ನೋದು. ಎರಡನೆಯದು ಇಲಿ ತನ್ನ ಗುರುತಿಗಾಗಿ ಬಿಡುವ ವಾಸನೆ. ಮೂರನೆಯದು ಮೂಲೆಯಲ್ಲಿ ಬಚ್ಚಿಟ್ಟು ಕೊಳೆತ ಆಹಾರ. ನಾಲ್ಕನೆಯದು ಒದ್ದೆ ಹಾಸಿನ ಮುಗ್ಗುಲು ವಾಸನೆ. ನಾಲ್ಕಕ್ಕೂ ಪರಿಹಾರ ಬೇರೆ ಬೇರೆ. ಯಾವುದು ಅಂತ ಗೊತ್ತಿಲ್ಲದೆ ರೂಮ್ ಫ್ರೆಶ್‌ನರ್ ಹೊಡೆದರೆ ಐದನೇ ವಾಸನೆ ಸೇರುತ್ತೆ, ಅಷ್ಟೇ.

ಮೊದಲು ಅಮೋನಿಯಾ. ಇಲಿಯ ತಾಜಾ ಮೂತ್ರದಲ್ಲಿ ಅಮೋನಿಯಾ ತುಂಬಾ ಕಡಿಮೆ. ಅದರಲ್ಲಿ ಇರೋದು ಯೂರಿಯಾ, ಅದಕ್ಕೆ ಹೇಳಿಕೊಳ್ಳುವಂಥ ವಾಸನೆಯೇ ಇಲ್ಲ. ಹಿಕ್ಕೆಯಲ್ಲಿ ಮತ್ತು ಹಾಸಿನಲ್ಲಿ ಇರುವ ಬ್ಯಾಕ್ಟೀರಿಯಾಗಳು ಯೂರಿಯೇಸ್ ಅನ್ನುವ ಕಿಣ್ವದ ಮೂಲಕ ಯೂರಿಯಾವನ್ನು ಒಡೆಯುತ್ತವೆ:

ಯೂರಿಯಾ + ನೀರು → ಅಮೋನಿಯಾ + ಕಾರ್ಬನ್ ಡೈಆಕ್ಸೈಡ್

ಈ ಯೂರಿಯೇಸ್‌ಗೆ ಒಂದು ಇತಿಹಾಸವೂ ಇದೆ. 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಒಂದು ಜಾತಿಯ ಕಾಳಿನಿಂದ ಇದನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಹರಳಾಗಿ ಸಿಕ್ಕ ಮೊದಲ ಕಿಣ್ವ ಇದೇ. ಅದಕ್ಕಾಗಿ 1946ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ಸಿಕ್ಕಿತು. ಗದ್ದೆ ಇರುವ ಮನೆಯವರಿಗಂತೂ ಈ ಕ್ರಿಯೆ ಹೊಸದೇನಲ್ಲ. ಯೂರಿಯಾ ಗೊಬ್ಬರವನ್ನು ಮಣ್ಣಿನ ಮೇಲೆ ಹಾಗೇ ಎರಚಿ ಬಿಟ್ಟರೆ ಸಾರಜನಕದ ಒಂದು ಪಾಲು ಅಮೋನಿಯಾ ಆಗಿ ಹಾರಿಹೋಗುತ್ತಲ್ಲ, ಪಂಜರದಲ್ಲಿ ಆಗೋದೂ ಅದೇ.

ಇಲ್ಲಿ ಗಮನಿಸಬೇಕಾದ್ದು, ಈ ಕ್ರಿಯೆ ಶುರುವಾಗೋದಕ್ಕೆ ಮೂರು ವಸ್ತು ಬೇಕು: ಯೂರಿಯಾ, ಬ್ಯಾಕ್ಟೀರಿಯಾ, ನೀರಿನ ಪಸೆ. ಸಮಯವೂ ಬೇಕು. ಹೊಸ ಹಾಸಿನಲ್ಲಿ ಮೊದಲ ಒಂದೆರಡು ದಿನ ಅಮೋನಿಯಾ ಅಷ್ಟಾಗಿ ಇರಲ್ಲ. ಬ್ಯಾಕ್ಟೀರಿಯಾ ಬೆಳೆದ ಮೇಲೆ ಸರ್ರನೆ ಏರುತ್ತೆ. ಶಿವಮೊಗ್ಗದ ಜುಲೈ ತಿಂಗಳು ಹೇಗಿರುತ್ತೆ ಅಂತ ಇಲ್ಲಿ ಬಟ್ಟೆ ಒಣಗಿಸಿದವರಿಗೆ ಗೊತ್ತು. ಆ ತಿಂಗಳಲ್ಲಿ ಹಾಸಿನ ಪಸೆ ಆರೋದೇ ಇಲ್ಲ, ಬ್ಯಾಕ್ಟೀರಿಯಾಕ್ಕೆ ಹಬ್ಬ.

2. ಎಷ್ಟು ಅಮೋನಿಯಾ? ಒಂದು ಮಾಸ್ ಬ್ಯಾಲೆನ್ಸ್

ಲೆಕ್ಕ ಮಾಡಿ ನೋಡೋಣ. ಪೆನ್ನು ಪೇಪರ್ ಸಾಕು.

ಒಂದು ದೊಡ್ಡ ಇಲಿ ದಿನಕ್ಕೆ ಸುಮಾರು 4 ಗ್ರಾಂ ತಿನ್ನುತ್ತೆ. ಎರಡು ಇಲಿಗೆ 8 ಗ್ರಾಂ. ಆಹಾರದಲ್ಲಿ 18% ಪ್ರೊಟೀನ್ ಅಂತ ಇಟ್ಟುಕೊಂಡರೆ 1.44 ಗ್ರಾಂ ಪ್ರೊಟೀನ್. ಪ್ರೊಟೀನಿನಲ್ಲಿ ಸಾರಜನಕ ಸುಮಾರು 16%, ಅಂದರೆ 0.23 ಗ್ರಾಂ. ಬೆಳವಣಿಗೆ ನಿಂತ ಪ್ರಾಣಿಯಲ್ಲಿ ಒಳಗೆ ಹೋದ ಸಾರಜನಕ ಹೆಚ್ಚುಕಡಿಮೆ ಅಷ್ಟೂ ಹೊರಗೆ ಬರಲೇಬೇಕು. ಅದರಲ್ಲಿ ಮುಕ್ಕಾಲು ಪಾಲು ಮೂತ್ರದಲ್ಲಿ ಬರುತ್ತೆ ಅಂದುಕೊಳ್ಳೋಣ: ಸುಮಾರು 0.17 ಗ್ರಾಂ. ಅದೆಲ್ಲವೂ ಅಮೋನಿಯಾ ಆದರೆ 17/14ರಿಂದ ಗುಣಿಸಿ 0.21 ಗ್ರಾಂ. 25 ಡಿಗ್ರಿಯಲ್ಲಿ ಒಂದು ಮೋಲ್ ಅನಿಲಕ್ಕೆ ಸುಮಾರು 24.5 ಲೀಟರ್ ಜಾಗ ಬೇಕು. ಹಾಗಾದರೆ 0.21 ಗ್ರಾಂ ಅಮೋನಿಯಾ ಸುಮಾರು 300 ಮಿಲಿಲೀಟರ್ ಆಗುತ್ತೆ.

ಇದು ಗರಿಷ್ಠ ಲೆಕ್ಕ. ನಿಜದಲ್ಲಿ ಅಷ್ಟೂ ಯೂರಿಯಾ ಒಂದೇ ದಿನಕ್ಕೆ ಒಡೆಯಲ್ಲ. ಆದರೆ ಡಿಸೈನ್ ಮಾಡುವಾಗ ಕೆಟ್ಟ ಪರಿಸ್ಥಿತಿಗೆ ಲೆಕ್ಕ ಹಾಕಬೇಕು ಅಂತ ನಮಗೆ ಪಾಠದಲ್ಲೇ ಹೇಳಿದ್ದಾರೆ.

ಈಗ ಮಿತಿ. ಕಾರ್ಖಾನೆಗಳಲ್ಲಿ 8 ಗಂಟೆ ಕೆಲಸ ಮಾಡುವ ಮನುಷ್ಯರಿಗೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿರುವ ಮಿತಿ 25 ಪಿಪಿಎಂ. ನಮ್ಮ ಮೂಗಿಗೆ ಅಮೋನಿಯಾ ಗೊತ್ತಾಗೋದು ಸುಮಾರು 5 ಪಿಪಿಎಂನಿಂದ, ಅದು ಒಬ್ಬೊಬ್ಬರಿಗೆ ಒಂದೊಂದು ಥರ. ಇಲಿಗೆ 8 ಗಂಟೆ ಶಿಫ್ಟ್ ಅಂತೇನೂ ಇಲ್ಲ, 24 ಗಂಟೆಯೂ ಹಾಸಿನಿಂದ ಎರಡು ಸೆಂಟಿಮೀಟರ್ ಮೇಲೆ ಮೂಗಿಟ್ಟುಕೊಂಡೇ ಬದುಕುತ್ತೆ. ಆದ್ದರಿಂದ 25 ಪಿಪಿಎಂ ಅನ್ನೋದು ದಾಟಬಾರದ ಗೆರೆ, ಮುಟ್ಟಬೇಕಾದ ಗುರಿ ಅಲ್ಲ.

300 ಮಿಲಿಲೀಟರ್ ಅಮೋನಿಯಾವನ್ನು 25 ಪಿಪಿಎಂಗೆ ಇಳಿಸಬೇಕು ಅಂದರೆ ದಿನಕ್ಕೆ 12,000 ಲೀಟರ್ ಗಾಳಿ ಬೇಕು. ಗಂಟೆಗೆ 500 ಲೀಟರ್. ಪಂಜರ 60 ಸೆಂಟಿಮೀಟರ್ ಉದ್ದ, 40 ಅಗಲ, 25 ಎತ್ತರ ಇದ್ದರೆ ಅದರ ಒಳಗಿನ ಗಾತ್ರ 60 ಲೀಟರ್. ಅಂದರೆ ಆ ಪಂಜರದ ಗಾಳಿ ಗಂಟೆಗೆ ಸುಮಾರು 8 ಸಲ ಬದಲಾಗಬೇಕು. ಪ್ರಯೋಗಾಲಯಗಳ ಪ್ರಾಣಿ ಕೊಠಡಿಗಳಿಗೆ ಸಾಮಾನ್ಯವಾಗಿ ಹೇಳುವ ಗಾಳಿ ಬದಲಾವಣೆ ಗಂಟೆಗೆ 10ರಿಂದ 15 ಸಲ. ಅದು ಪಂಜರಕ್ಕಲ್ಲ, ಕೊಠಡಿಗೆ ಹೇಳಿದ ಸಂಖ್ಯೆ. ಆದರೂ ನಮ್ಮ ಹಾಸ್ಟೆಲ್ ಮಟ್ಟದ ಲೆಕ್ಕ ಅದರ ಆಸುಪಾಸಿಗೆ ಬಂತು ಅನ್ನೋದು ನಮಗೆ ಖುಷಿ.

ಈಗ ಅದೇ ಅಮೋನಿಯಾವನ್ನು ಇಡೀ ರೂಮಿಗೆ ಹಾಕಿ ನೋಡಿ. 3 ಮೀಟರ್ ಉದ್ದ, ಅಗಲ, ಎತ್ತರದ ರೂಮು ಅಂದರೆ 27,000 ಲೀಟರ್. ಕಿಟಕಿ ಸ್ವಲ್ಪ ತೆಗೆದು ಗಂಟೆಗೆ ಒಂದೇ ಸಲ ಗಾಳಿ ಬದಲಾದರೂ ರೂಮಿನಲ್ಲಿ ಅಮೋನಿಯಾ 0.5 ಪಿಪಿಎಂಗಿಂತ ಕಡಿಮೆ. ನಮ್ಮ ಮೂಗಿಗೆ ಗೊತ್ತೇ ಆಗಲ್ಲ.

ಈ ಎರಡು ಉತ್ತರಗಳನ್ನು ಪಕ್ಕಪಕ್ಕ ಇಟ್ಟರೆ ಲೆಕ್ಕ ಮಾಡಿದ್ದಕ್ಕೆ ಫಲ ಸಿಗುತ್ತೆ. ರೂಮಿನಲ್ಲಿ ನಿಂತ ನಮಗೆ "ಏನೂ ವಾಸನೆ ಇಲ್ಲ" ಅನ್ನಿಸುವಾಗಲೂ ಪಂಜರದ ಒಳಗೆ ಇಲಿ ಉಸಿರಾಡುತ್ತಿರುವ ಗಾಳಿ ಕೆಟ್ಟಿರಬಹುದು. ಅಮೋನಿಯಾ ಹೆಚ್ಚಾದರೆ ಇಲಿಗಳ ಮೂಗು, ಶ್ವಾಸನಾಳದ ಒಳಪದರ ಹಾಳಾಗಿ, ಮೊದಲೇ ಇರುವ ಉಸಿರಾಟದ ಸೋಂಕು ಜೋರಾಗುತ್ತೆ. ಹಾಗಾಗಿ ವಾಸನೆ ತಡೆಯುವುದು ಓನರ್ ಆಂಟಿಗಾಗಿ ಮಾತ್ರ ಅಲ್ಲ. ಮೊದಲು ತೊಂದರೆ ಆಗೋದು ಇಲಿಗೇ.

3. ಪಂಜರ: ಗಾಳಿ ಆಡಬೇಕು

ಮೇಲಿನ ಲೆಕ್ಕದಿಂದ ಪಂಜರದ ಆಯ್ಕೆ ತಾನಾಗಿ ಬರುತ್ತೆ. ಮೀನಿನ ಗಾಜಿನ ತೊಟ್ಟಿ ನೋಡಲು ಚೆಂದ, ಆದರೆ ನಾಲ್ಕೂ ಗೋಡೆ ಮುಚ್ಚಿದ್ದು ಮೇಲೆ ಮಾತ್ರ ತೆರೆದಿದ್ದರೆ ಗಂಟೆಗೆ 8 ಸಲ ಗಾಳಿ ಬದಲಾಗೋದು ಕಷ್ಟ. ಸುತ್ತ ಜಾಲರಿ, ಕೆಳಗೆ ಆಳವಾದ ಪ್ಲಾಸ್ಟಿಕ್ ತಟ್ಟೆ ಇರುವ ಪಂಜರ ಒಳ್ಳೆಯದು. ಕಡಿಮೆ ಖರ್ಚಿನಲ್ಲಿ ಆಗಬೇಕು ಅಂದರೆ ದೊಡ್ಡ ಪ್ಲಾಸ್ಟಿಕ್ ಡಬ್ಬದ ಎರಡು ಬದಿ ಮತ್ತು ಮುಚ್ಚಳದಲ್ಲಿ ಅಗಲವಾದ ಕಿಟಕಿ ಕತ್ತರಿಸಿ, 6 ಮಿಲಿಮೀಟರ್‌ಗಿಂತ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ನಟ್ಟು ಬೋಲ್ಟಿನಿಂದ ಕೂರಿಸಬಹುದು. ಎದುರುಬದುರು ಬದಿಗಳಲ್ಲಿ ಕಿಟಕಿ ಇದ್ದರೆ ಗಾಳಿ ಅಡ್ಡ ಹಾಯುತ್ತೆ. ಸೊಳ್ಳೆ ಪರದೆಯ ನೈಲಾನ್ ಜಾಲರಿ ಬೇಡ, ಒಂದು ರಾತ್ರಿಗೆ ಕಡಿದು ಹೊರಗೆ ಬರುತ್ತವೆ. ತಳಕ್ಕೆ ಮಾತ್ರ ಜಾಲರಿ ಹಾಕಬೇಡಿ, ಕಾಲಿಗೆ ಗಾಯ ಆಗುತ್ತೆ.

ಪಂಜರ ಇಡುವ ಜಾಗ: ಕಿಟಕಿಯ ಹತ್ತಿರ, ಆದರೆ ಎರಚಲು ಮತ್ತು ನೇರ ಗಾಳಿ ಬಡಿಯದ ಕಡೆ. ಬಚ್ಚಲಿನ ಪಕ್ಕ, ಒದ್ದೆ ಗೋಡೆಯ ಪಕ್ಕ ಬೇಡ. ಅಡುಗೆ ಮಾಡುವ ಜಾಗದಿಂದ ದೂರ ಇರಲಿ.

ನೀರಿನ ಬಾಟಲಿಯನ್ನು ಮರೆಯಬೇಡಿ. ತೊಟ್ಟಿಕ್ಕುವ ಬಾಟಲಿಯ ಕೆಳಗಿನ ಹಾಸು ಸದಾ ಒದ್ದೆ ಇರುತ್ತೆ. ರಾತ್ರಿ ಬಾಟಲಿಯ ಕೆಳಗೆ ಒಂದು ಟಿಶ್ಯೂ ಪೇಪರ್ ಇಟ್ಟು ಬೆಳಿಗ್ಗೆ ನೋಡಿದರೆ ಗೊತ್ತಾಗುತ್ತೆ. ಇನ್ನು ಮರದ ಗೂಡು ಮೂತ್ರ ಹೀರಿಕೊಂಡು ತಿಂಗಳುಗಟ್ಟಲೆ ವಾಸನೆ ಬಿಡುತ್ತೆ. ಅದರ ಬದಲು ರಟ್ಟಿನ ಡಬ್ಬ, ರಟ್ಟಿನ ಕೊಳವೆ ಕೊಟ್ಟು ವಾರಕ್ಕೊಮ್ಮೆ ಎಸೆಯೋದು ಸುಲಭ.

4. ಹಾಸು: ನಮ್ಮ ಊರಲ್ಲಿ ಏನು ಸಿಗುತ್ತೆ?

ವಿದೇಶಿ ವಿಡಿಯೋಗಳಲ್ಲಿ ಹೇಳುವ ಹಾಸುಗಳೆಲ್ಲ ಇಲ್ಲಿ ಸಿಗಲ್ಲ, ಸಿಕ್ಕರೂ ನಮ್ಮ ಬಜೆಟ್‌ಗೆ ದೂರ. ಇಲ್ಲಿ ಸಿಗುವುದನ್ನೇ ಒಂದೊಂದಾಗಿ ನೋಡೋಣ.

ಬಡಗಿ ಮರ ಉಜ್ಜುವಾಗ ಸುರುಳಿ ಸುರುಳಿಯಾಗಿ ಬೀಳುವ ಸಿಪ್ಪೆ: ಒಳ್ಳೆಯದು, ಪಸೆ ಹೀರುತ್ತೆ, ನಡುವೆ ಗಾಳಿಯೂ ಆಡುತ್ತೆ. ಆದರೆ ಯಾವ ಮರ ಅಂತ ಕೇಳಲೇಬೇಕು. ಪ್ಲೈವುಡ್ ಮತ್ತು ಎಂಡಿಎಫ್‌ನಲ್ಲಿ ಅಂಟು ಇರುತ್ತೆ, ಬೇಡ. ಔಷಧಿ ಹೊಡೆದ ಮರ ಬೇಡ. ತೇಗದ ಧೂಳು ಮನುಷ್ಯರ ಚರ್ಮಕ್ಕೇ ಕಿರಿಕಿರಿ ಮಾಡುತ್ತೆ, ಅದೂ ಬೇಡ. ದೇವದಾರು ಜಾತಿಯ ಗಮಗಮ ಮರಗಳು "ವಾಸನೆ ಮುಚ್ಚುತ್ತವೆ" ಅಂತ ಆಸೆ ಹುಟ್ಟಿಸುತ್ತವೆ, ಆದರೆ ಆ ಪರಿಮಳದ ಎಣ್ಣೆಗಳು ಇಲಿಯ ಯಕೃತ್ತಿನ ಕಿಣ್ವಗಳನ್ನೇ ಬದಲಿಸುತ್ತವೆ.

ಸಾಮಿಲ್‌ನ ಸಣ್ಣ ಪುಡಿ: ಚೆನ್ನಾಗಿ ಹೀರುತ್ತೆ, ಆದರೆ ಧೂಳು. ಇಲಿಗೂ ನಮಗೂ ಸೀನು.

ಉಮಿ: ಭತ್ತದ ನಾಡಿನಲ್ಲಿ ಬೇಕಾದಷ್ಟು ಸಿಗುತ್ತೆ, ಕೋಳಿ ಫಾರಂನಲ್ಲಿ ಅದನ್ನೇ ಹಾಸುತ್ತಾರೆ. ಆದರೆ ಉಮಿಯ ಹೊರಮೈಯಲ್ಲಿ ಸಿಲಿಕಾ ಹೆಚ್ಚು. ಅದಕ್ಕೇ ನೀರು ಬೇಗ ಹೀರಲ್ಲ, ತುದಿಗಳು ಚುಚ್ಚುತ್ತವೆ. ಇಲಿಯ ಪುಟ್ಟ ಕಾಲಿಗೆ ಇದು ಸರಿ ಹೋಗಲ್ಲ.

ಕಾಗದದ ಚೂರು: ಸುಲಭ, ಹೆಚ್ಚುಕಡಿಮೆ ಬಿಟ್ಟಿ. ಹಳೆ ಲ್ಯಾಬ್ ರೆಕಾರ್ಡ್‌ಗಳಿಗೆ ಇದಕ್ಕಿಂತ ಒಳ್ಳೆ ಗತಿ ಇಲ್ಲ. ಪಿನ್ನು ತೆಗೆದು, ನುಣುಪಾದ ಹೊಳೆಯುವ ಹಾಳೆ ಬಿಟ್ಟು, ತೆಳ್ಳಗೆ ಹರಿದು ಹಾಕಿ. ನೀರು ಹೀರುತ್ತೆ, ಆದರೆ ಬೇಗ ಒದ್ದೆಯಾಗಿ ಮುದ್ದೆ ಆಗುತ್ತೆ. ಕೆಳಗೆ ಮರದ ಸಿಪ್ಪೆ, ಮೇಲೆ ಕಾಗದ ಹಾಕಿದರೆ ಎರಡರ ಲಾಭವೂ ಸಿಗುತ್ತೆ. ಗೂಡಿಗೆ ಬಿಳಿ ಟಿಶ್ಯೂ ಕೊಡಿ. ಹತ್ತಿ, ದಾರ ಕೊಡಬೇಡಿ, ಕಾಲಿಗೆ ಸುತ್ತಿಕೊಂಡು ರಕ್ತ ಓಡೋದು ನಿಲ್ಲುತ್ತೆ.

ತೆಂಗಿನ ನಾರಿನ ಪುಡಿ: ತುಂಬಾ ಹೀರುತ್ತೆ, ಆದರೆ ಹೀರಿದ್ದನ್ನು ಬಿಡಲ್ಲ. ಬೇಸಿಗೆಯಲ್ಲಿ ಪರವಾಗಿಲ್ಲ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತೆ.

ಮಲೆನಾಡಿನ ಮನೆಗಳಲ್ಲಿ ಮಳೆ ಬರುವ ಮೊದಲು ಸೌದೆ ಒಣಗಿಸಿ ಕೂಡಿಡ್ತಾರಲ್ಲ, ಇಲಿ ಹಾಸಿಗೂ ಅದೇ ಬುದ್ಧಿ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಸಿಪ್ಪೆಯನ್ನು ತಾರಸಿಯ ಮೇಲೆ ಎರಡು ಮೂರು ದಿನ ಬಿಸಿಲಿಗೆ ಹರಡಿ, ಗಟ್ಟಿ ಮುಚ್ಚಳದ ಡಬ್ಬದಲ್ಲಿ ತುಂಬಿ ಇಡಿ. ಜುಲೈನಲ್ಲಿ ಹೋಗಿ ತಂದ ಸಿಪ್ಪೆ ಬರುವಾಗಲೇ ಪಸೆಯಾಗಿರುತ್ತೆ. ಪಸೆಯಾಗಿರೋದು ಇನ್ನಷ್ಟು ಪಸೆ ಹೀರೋದು ಹೇಗೆ?

5. ಇಲಿಗೆ ವಾಸನೆ ಅಂದರೆ ವಿಳಾಸ

ಎರಡನೇ ಮೂಲಕ್ಕೆ ಬರೋಣ. ಗಂಡು ಇಲಿ ಹೋದಲ್ಲೆಲ್ಲ ಒಂದೊಂದು ಹನಿ ಮೂತ್ರ ಬಿಡುತ್ತೆ. ಅದು ಕೊಳಕುತನ ಅಲ್ಲ, "ಇದು ನನ್ನ ಜಾಗ" ಅನ್ನೋ ಬೋರ್ಡು. ಇಲಿ ಮೂತ್ರದಲ್ಲಿ ಒಂದು ಗುಂಪಿನ ವಿಶೇಷ ಪ್ರೊಟೀನುಗಳಿವೆ. ಅವು ಬೇಗ ಹಾರಿಹೋಗುವ ವಾಸನೆ ಅಣುಗಳನ್ನು ತಮ್ಮೊಳಗೆ ಹಿಡಿದಿಟ್ಟು ನಿಧಾನವಾಗಿ ಬಿಡುತ್ತವೆ. ಮಾತ್ರೆಗಳಲ್ಲಿ "ನಿಧಾನ ಬಿಡುಗಡೆ" ಅಂತ ಇರುತ್ತಲ್ಲ, ಹಾಗೆ. ಲಿವರ್‌ಪೂಲ್ ವಿಶ್ವವಿದ್ಯಾಲಯದ ಜೇನ್ ಹರ್ಸ್ಟ್ ಅವರ ತಂಡ 2010ರಲ್ಲಿ ಇಂಥ ಒಂದು ಪ್ರೊಟೀನು ಹೆಣ್ಣಿಲಿಗಳನ್ನು ಆಕರ್ಷಿಸುತ್ತೆ ಅಂತ ತೋರಿಸಿ, ಅದಕ್ಕೆ ಜೇನ್ ಆಸ್ಟೆನ್ ಕಾದಂಬರಿಯ ನಾಯಕ ಡಾರ್ಸಿಯ ನೆನಪಿಗೆ "ಡಾರ್ಸಿನ್" ಅಂತ ಹೆಸರಿಟ್ಟಿತು.

ಇದರಿಂದ ನಮಗೆ ಮೂರು ಪಾಠ ಸಿಗುತ್ತೆ.

ಒಂದು, ಗಂಡಿಗಿಂತ ಹೆಣ್ಣಿಲಿಗಳ ವಾಸನೆ ಬಹಳ ಕಡಿಮೆ. ಬಾಡಿಗೆ ಮನೆಯಲ್ಲಿ ಸಾಕುವವರು ಎರಡು ಅಥವಾ ಮೂರು ಹೆಣ್ಣಿಲಿ ಸಾಕಿ. ಗಂಡು ಹೆಣ್ಣು ಸೇರಿಸಿದರೆ ಸುಮಾರು 20 ದಿನಕ್ಕೆ ಮರಿಗಳು, ಐದಾರು ವಾರಕ್ಕೆ ಆ ಮರಿಗಳೂ ಮರಿ ಹಾಕಲು ತಯಾರು. ಮೇಲಿನ ಲೆಕ್ಕದಲ್ಲಿ 2 ಇದ್ದ ಕಡೆ 12 ಹಾಕಿ ನೋಡಿ, ಗಾಳಿಯೂ ಆರು ಪಟ್ಟು ಬೇಕು.

ಎರಡು, ಅತಿಯಾಗಿ ತೊಳೆಯಬಾರದು. ಪಂಜರವನ್ನು ಆಸ್ಪತ್ರೆ ಥರ ತೊಳೆದು ಇಲಿಯ ಗುರುತನ್ನೆಲ್ಲ ಅಳಿಸಿದರೆ, ಗಂಡಿಲಿ ಮತ್ತೆ ಎಲ್ಲ ಕಡೆ ಬೋರ್ಡು ಹಾಕಲು ಶುರು ಮಾಡುತ್ತೆ. ಎರಡು ಗಂಡಿಲಿ ಇದ್ದರೆ ಜಗಳವೂ ಆಗಬಹುದು. ಹಾಸು ಬದಲಿಸುವಾಗ ಹಳೆ ಗೂಡಿನ ಒಣಗಿದ ಟಿಶ್ಯೂ ಒಂದು ಹಿಡಿ ವಾಪಸ್ ಇಡಿ. ಮೂತ್ರ ಕುಡಿದ ಹಳೆ ಹೊಟ್ಟು ವಾಪಸ್ ಹಾಕಬೇಡಿ, ಅದು ಜಗಳ ಹೆಚ್ಚಿಸುತ್ತೆ ಅಂತಲೇ ಪ್ರಯೋಗಗಳು ಹೇಳುತ್ತವೆ.

ಮೂರು, ವಾಸನೆ ಇಲ್ಲ ಅಂದರೆ ತೊಂದರೆ ಇಲ್ಲ ಅಂತ ಅರ್ಥ ಅಲ್ಲ. ಈ ಮೂತ್ರದ ಪ್ರೊಟೀನುಗಳಲ್ಲಿ ಸೇರಿದ ಮಸ್ ಎಂ 1 ಅನ್ನೋದೇ ಇಲಿ ಅಲರ್ಜಿಗೆ ಮುಖ್ಯ ಕಾರಣ. ಅದು ಒಣಗಿ ಧೂಳಿನ ಜೊತೆ ಹಾರುತ್ತೆ, ಅದಕ್ಕೆ ವಾಸನೆ ಬೇಕಿಲ್ಲ. ನಮ್ಮಲ್ಲಿ ಒಬ್ಬನ ಮನೆ ಭದ್ರಾವತಿಯ ಪೇಪರ್‌ಟೌನ್‌ನಲ್ಲಿ. ಸೆಮಿಸ್ಟರ್ ರಜೆಯಲ್ಲಿ ಇಲಿಗಳನ್ನು ಅಲ್ಲಿಗೆ ಕರೆದುಕೊಂಡು ಹೋಗೋದು ಅಂತ ಮೊದಲು ಮಾತಾಗಿತ್ತು. ಅವನ ಅಮ್ಮನಿಗೆ ಉಬ್ಬಸ ಇದೆ. ಅವರೇನೋ "ತಗೊಂಡ್ಬಾ ಮಗ, ಹಿತ್ತಲ ಕಡೆ ಇಟ್ರಾಯ್ತು" ಅಂದರು. ಆದರೆ ಈ ವಿಷಯ ಓದಿದ ಮೇಲೆ ಆ ಮಾತು ಕೈಬಿಟ್ಟೆವು. ರಜೆಯಲ್ಲಿ ಸರದಿ ಹಾಕಿಕೊಂಡು ಒಬ್ಬರು ಶಿವಮೊಗ್ಗದಲ್ಲೇ ಉಳಿಯುತ್ತೇವೆ. ಮನೆಯಲ್ಲಿ ಉಬ್ಬಸ, ಅಲರ್ಜಿ ಇರುವವರಿದ್ದರೆ ಇಲಿ ತರುವ ಮೊದಲೇ ಯೋಚನೆ ಮಾಡಿ.

6. ತೊಳೆಯೋದು ಹೇಗೆ: ವಿನೆಗರ್, ಸೋಡಾ, ಇದ್ದಿಲು

ಅಮೋನಿಯಾ ಕ್ಷಾರ. ಅದು ಅನಿಲವಾಗಿ ಹಾರಬೇಕೋ, ಅಮೋನಿಯಂ ಆಗಿ ನೀರಿನಲ್ಲೇ ಉಳಿಯಬೇಕೋ ಅನ್ನೋದನ್ನು ಪಿಎಚ್ ನಿರ್ಧರಿಸುತ್ತೆ. ಪಿಎಚ್ 9.25ರಲ್ಲಿ ಅರ್ಧ ಅಮೋನಿಯಾ, ಅರ್ಧ ಅಮೋನಿಯಂ. ಪಿಎಚ್ 7ಕ್ಕೆ ಇಳಿದರೆ ಅಮೋನಿಯಾ 1%ಕ್ಕಿಂತ ಕಡಿಮೆ. ಹಾಗಾಗಿ ತಟ್ಟೆ ಒರೆಸಲು ಆಮ್ಲ ಬೇಕು. ಅಂಗಡಿಯ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಸೇರಿಸಿ ಒರೆಸಿ, ಐದು ನಿಮಿಷ ಬಿಟ್ಟು, ಬರೀ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ. ತಟ್ಟೆಯ ಮೂಲೆಯ ಬಿಳಿ ಕಲೆಗಳೂ ಇದರಲ್ಲೇ ಕರಗುತ್ತವೆ.

ಅಡುಗೆ ಸೋಡಾ ಎಲ್ಲ ವಾಸನೆಗೂ ಮದ್ದು ಅಂತ ಹೇಳ್ತಾರೆ. ಆದರೆ ಸೋಡಾ ಸ್ವತಃ ಕ್ಷಾರ. ಹುಳಿ ವಾಸನೆಗೆ ಅದು ಸರಿ, ಅಮೋನಿಯಾಕ್ಕೆ ಅಲ್ಲ.

ಇದ್ದಿಲಿನ ಕಥೆ ಭದ್ರಾವತಿಯವರಿಗೆ ಹತ್ತಿರದ್ದು. ಇವತ್ತಿನ ವಿಐಎಸ್‌ಎಲ್ 1923ರಲ್ಲಿ ಕಬ್ಬಿಣ ತಯಾರಿಸಲು ಶುರು ಮಾಡಿದ್ದು ಕಲ್ಲಿದ್ದಲಿನಿಂದಲ್ಲ, ಮಲೆನಾಡಿನ ಮರದ ಇದ್ದಿಲಿನಿಂದ. ಮರವನ್ನು ಗಾಳಿಯಿಲ್ಲದೆ ಕಾಯಿಸಿದರೆ ಇದ್ದಿಲು ಉಳಿಯುತ್ತೆ, ಹೊಗೆಯನ್ನು ತಂಪು ಮಾಡಿದರೆ ಅಸಿಟಿಕ್ ಆಮ್ಲ, ಅಂದರೆ ನಮ್ಮ ವಿನೆಗರ್‌ನ ಆಮ್ಲ, ಸಿಗುತ್ತೆ. ಹಾಗಾದರೆ ಇದ್ದಿಲನ್ನೂ ಪಂಜರದ ಪಕ್ಕ ಇಟ್ಟರೆ ಸಾಕಲ್ವಾ? ಪೂರ್ತಿ ಸಾಕಾಗಲ್ಲ. ಒಲೆಯ ಇದ್ದಿಲಿಗೂ ಆಕ್ಟಿವೇಟೆಡ್ ಕಾರ್ಬನ್‌ಗೂ ಒಳಮೈ ವಿಸ್ತೀರ್ಣದಲ್ಲಿ ಅಜಗಜಾಂತರ. ಆಕ್ಟಿವೇಟೆಡ್ ಕಾರ್ಬನ್ ಕೂಡ ದೊಡ್ಡ ಸಾವಯವ ಅಣುಗಳನ್ನು ಚೆನ್ನಾಗಿ ಹಿಡಿಯುತ್ತೆ, ಅಮೋನಿಯಾದಂಥ ಸಣ್ಣ ಅಣುವನ್ನು ಅಷ್ಟಾಗಿ ಹಿಡಿಯಲ್ಲ. ಅಮೋನಿಯಾಕ್ಕೆ ಜಿಯೋಲೈಟ್ ಖನಿಜ ಮೇಲು. ಅದನ್ನೂ ಇಲಿ ಕಡಿಯದ ಹಾಗೆ ಪಂಜರದ ಹೊರಗೇ ಇಡಬೇಕು.

ಮಾಡಬಾರದ್ದರ ಪಟ್ಟಿ:

ಊದಿನಕಡ್ಡಿ, ಕರ್ಪೂರ, ರೂಮ್ ಫ್ರೆಶ್‌ನರ್ ಪಂಜರದ ರೂಮಿನಲ್ಲಿ ಬೇಡ. ಇಲಿಯ ಶ್ವಾಸಕೋಶ ಬಹಳ ಸೂಕ್ಷ್ಮ.
ನುಸಿ ಗುಳಿಗೆ ಬೇಡವೇ ಬೇಡ. ನಾಫ್ತಲೀನ್ ವಿಷ.
ಫಿನಾಯಿಲ್‌ನಿಂದ ಪಂಜರ ತೊಳೆಯಬೇಡಿ.
ಮೂತ್ರದ ಕಲೆಯ ಮೇಲೆ ಬ್ಲೀಚ್ ಸುರಿಯಬೇಡಿ. ಬ್ಲೀಚ್ ಮತ್ತು ಅಮೋನಿಯಾ ಸೇರಿದರೆ ಕ್ಲೋರಮೀನ್ ಅನಿಲ ಬರುತ್ತೆ, ಅದು ನಮಗೂ ಅಪಾಯ. ಬ್ಲೀಚನ್ನು ವಿನೆಗರ್ ಜೊತೆ ಸೇರಿಸಿದರೆ ಕ್ಲೋರಿನ್ ಬರುತ್ತೆ, ಅದೂ ಅಪಾಯವೇ.
ಇಲಿಗೆ ಸ್ನಾನ ಮಾಡಿಸಬೇಡಿ. ಚಳಿಗೆ ಸಾಯಬಹುದು. ಅದು ತನ್ನ ಮೈಯನ್ನು ತಾನೇ ನೆಕ್ಕಿ ಚೊಕ್ಕ ಇಟ್ಟುಕೊಳ್ಳುತ್ತೆ.

7. ಅರಿಶಿನದ ಸೆನ್ಸರ್

ವಾಸನೆ ಇರುವ ರೂಮಿನಲ್ಲೇ ಇರುವವರ ಮೂಗು ಸ್ವಲ್ಪ ಹೊತ್ತಿಗೇ ಒಗ್ಗಿಹೋಗುತ್ತೆ. "ನಮಗೇನೂ ಬರ್ತಿಲ್ಲ" ಅನ್ನೋ ಮಾತಿಗೆ ಬೆಲೆ ಇಲ್ಲ. ಸೋಮವಾರ ಬೆಳಿಗ್ಗೆ ಭದ್ರಾವತಿಯಿಂದ ವಾಪಸ್ ಬರುವ ಗೆಳೆಯನೇ ನಮ್ಮ ಮೂಗು ಇನ್‌ಸ್ಪೆಕ್ಟರ್. ಅವನು ಬಾಗಿಲಲ್ಲಿ ನಿಂತು ಹೇಳಿದ್ದೇ ಅಂತಿಮ ತೀರ್ಪು.

ಪಂಜರದ ಒಳಗಿನದಕ್ಕೆ ಇನ್ನೊಂದು ಉಪಾಯ ಇದೆ. ಅರಿಶಿನ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗೋದನ್ನು ಆರತಿ ತಟ್ಟೆಯಲ್ಲಿ ಎಲ್ಲರೂ ನೋಡಿದ್ದೇವೆ. ಅರಿಶಿನದ ಕರ್ಕ್ಯುಮಿನ್ ಕ್ಷಾರದಲ್ಲಿ ಬಣ್ಣ ಬದಲಿಸುತ್ತೆ. ಫಿಲ್ಟರ್ ಪೇಪರ್ ಅಥವಾ ಬಿಳಿ ಟಿಶ್ಯೂವನ್ನು ಅರಿಶಿನ ನೀರಿನಲ್ಲಿ ಅದ್ದಿ ಒಣಗಿಸಿ ಪಟ್ಟಿ ಮಾಡಿ. ಬಳಸುವಾಗ ಸ್ವಲ್ಪ ಒದ್ದೆ ಮಾಡಿ, ಹಾಸಿನ ಮಟ್ಟದಲ್ಲಿ ಜಾಲರಿಯ ಹೊರಗಡೆ, ಇಲಿಗೆ ಎಟುಕದ ಹಾಗೆ ಹಿಡಿಯಿರಿ. ಹಳದಿ ಕೆಂಗಂದಾದರೆ ಅಮೋನಿಯಾ ಜೋರಾಗಿದೆ, ಅವತ್ತೇ ಹಾಸು ಬದಲಿಸಿ. ಬಣ್ಣ ಬದಲಾಗದಿದ್ದರೆ ಅಮೋನಿಯಾ ಇಲ್ಲವೇ ಇಲ್ಲ ಅಂತ ಅಲ್ಲ, ಇದು ಒರಟು ಪರೀಕ್ಷೆ. ಪಕ್ಕದಲ್ಲೇ ಇನ್ನೊಂದು ಒದ್ದೆ ಪಟ್ಟಿಯನ್ನು ಕಿಟಕಿಯ ಹತ್ತಿರ ಇಟ್ಟು ಹೋಲಿಸಿ ನೋಡಿ.

8. ನಮ್ಮ ವೇಳಾಪಟ್ಟಿ

ದಿನಾ 5 ನಿಮಿಷ: ಒದ್ದೆಯಾದ ಮೂಲೆಯ ಹಾಸು ಚಮಚದಲ್ಲಿ ತೆಗೆಯೋದು, ಓಡುವ ಚಕ್ರ ಒರೆಸೋದು, ಉಳಿದ ಸೌತೆಕಾಯಿ, ಕ್ಯಾರೆಟ್ ಚೂರು ತೆಗೆಯೋದು. ಇಲಿ ಆಹಾರ ಬಚ್ಚಿಡುತ್ತೆ. ಒಣ ಕಾಳು ಪರವಾಗಿಲ್ಲ, ಹಸಿ ತರಕಾರಿ ಬಿಡಬೇಡಿ.

ಮೂರು ನಾಲ್ಕು ದಿನಕ್ಕೊಮ್ಮೆ: ಹೆಚ್ಚು ಓಡಾಡುವ ಅರ್ಧ ಭಾಗದ ಹಾಸು ಬದಲು.

ವಾರಕ್ಕೊಮ್ಮೆ: ಪೂರ್ತಿ ಹಾಸು ಬದಲು, ವಿನೆಗರ್ ಒರೆಸು, ಒಣ ಗೂಡು ಒಂದು ಹಿಡಿ ವಾಪಸ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರ ಅಂತ ಕಾಯದೆ ಐದು ದಿನಕ್ಕೇ ಮಾಡಿ.

ಆಹಾರದ ಬಗ್ಗೆ ಒಂದು ಮಾತು. ಮಾಸ್ ಬ್ಯಾಲೆನ್ಸ್‌ನ ಮೊದಲ ಸಾಲು ಪ್ರೊಟೀನ್ ಅಲ್ಲವೇ? ಪ್ರೀತಿ ಹೆಚ್ಚಾಗಿ ದಿನಾ ಕಡಲೆಬೀಜ, ಮೊಟ್ಟೆ, ಪನ್ನೀರ್ ತಿನ್ನಿಸಿದರೆ ಹೆಚ್ಚಾದ ಸಾರಜನಕ ಹಾಸಿಗೇ ಬರುತ್ತೆ. ಗೋಧಿ, ರಾಗಿ, ಓಟ್ಸ್ ಹೆಚ್ಚಿರಲಿ, ಕಾಳು ಸ್ವಲ್ಪ ಇರಲಿ. ಮರಿಗಳಿಗೆ ಮತ್ತು ಬಸುರಿ ಇಲಿಗೆ ಮಾತ್ರ ಪ್ರೊಟೀನ್ ಕಡಿಮೆ ಮಾಡಬೇಡಿ.

ಹಳೆ ಹಾಸು ಎಲ್ಲಿಗೆ? ಮರದ ಸಿಪ್ಪೆ, ಕಾಗದ ಇಂಗಾಲ, ಮೂತ್ರ ಸಾರಜನಕ. ಕಾಂಪೋಸ್ಟ್‌ಗೆ ಹೇಳಿ ಮಾಡಿಸಿದ ಜೋಡಿ. ಹೂಗಿಡಕ್ಕೆ ಬಳಸಿ, ಹಸಿಯಾಗಿ ತಿನ್ನುವ ಸೊಪ್ಪಿಗೆ ಬೇಡ. ಜಾಗ ಇಲ್ಲದಿದ್ದರೆ ಗಟ್ಟಿಯಾಗಿ ಕಟ್ಟಿ ಕಸದ ಗಾಡಿಗೆ ಕೊಡಿ. ಚರಂಡಿಗೆ ಹಾಕಬೇಡಿ.

9. ಇಲಿ ಜ್ವರದ ಭಯ

ಮನೆಯವರು ಕೇಳೋ ಇನ್ನೊಂದು ಪ್ರಶ್ನೆ "ಇಲಿ ಜ್ವರ ಬರಲ್ವಾ?" ನಮ್ಮ ಜಿಲ್ಲೆಯವರು ಹೀಗೆ ಕೇಳೋದರಲ್ಲಿ ಅರ್ಥ ಇದೆ. 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಹರಡೋದು ಉಣ್ಣೆಯಿಂದ, ರೂಮಿನಲ್ಲಿ ಸಾಕಿದ ಬಿಳಿ ಇಲಿಗೂ ಅದಕ್ಕೂ ಸಂಬಂಧ ಇಲ್ಲ. ಇಲಿ ಜ್ವರ, ಅಂದರೆ ಲೆಪ್ಟೋಸ್ಪೈರೋಸಿಸ್, ಹೆಚ್ಚಾಗಿ ಹೊರಗಿನ ಹೆಗ್ಗಣ, ಇಲಿಗಳ ಮೂತ್ರ ಸೇರಿದ ನೀರು, ಕೆಸರಿನಿಂದ ಬರುತ್ತೆ. ಹಾಗಾಗಿ ಸಾಕಿದ ಇಲಿಯ ಕಾಳಿನ ಆಸೆಗೆ ಹೊರಗಿನ ಚಿಟ್ಟಿಲಿ ಬರದ ಹಾಗೆ ನೋಡಿಕೊಳ್ಳೋದು ಮುಖ್ಯ. ಕಾಳನ್ನು ಸ್ಟೀಲ್ ಡಬ್ಬದಲ್ಲಿಡಿ, ಪಂಜರವನ್ನು ನೆಲದ ಮೇಲೆ ಇಡಬೇಡಿ. ಇಲಿ ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ, ಹಾಸು ಬದಲಿಸುವಾಗ ಮಾಸ್ಕ್ ಹಾಕಿ. ಮನೆಯಲ್ಲಿ ಗರ್ಭಿಣಿಯರಿದ್ದರೆ ಈ ಕೆಲಸ ಅವರು ಮಾಡೋದು ಬೇಡ, ಇಲಿಗಳಿಂದ ಹರಡುವ ಕೆಲವು ವೈರಸ್ ಮಗುವಿಗೆ ಅಪಾಯ. ಜ್ವರ ಬಂದರೆ ಡಾಕ್ಟರ ಹತ್ತಿರ ಇಲಿ ಸಾಕಿರೋದನ್ನು ಮುಚ್ಚಿಡಬೇಡಿ.

ಇಲಿಗೂ ಡಾಕ್ಟರು ಬೇಕಾಗಬಹುದು. ಉಸಿರಾಡುವಾಗ ಟಿಕ್ ಟಿಕ್ ಸದ್ದು, ಪದೇಪದೇ ಸೀನು, ಕೂದಲು ನಿಮಿರಿಕೊಂಡು ಮುದುಡಿ ಕೂರೋದು ಕಂಡರೆ ಕಾಯಬೇಡಿ. ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ, ಅಲ್ಲಿ ಕೇಳಬಹುದು. ಇಷ್ಟೆಲ್ಲ ಮಾಡಿದರೂ ಒಂದು ಇಲಿಯ ಆಯಸ್ಸು ಒಂದೂವರೆಯಿಂದ ಎರಡೂವರೆ ವರ್ಷ ಅಷ್ಟೇ, ಅಂದರೆ ನಮ್ಮ ಡಿಗ್ರಿಗಿಂತ ಚಿಕ್ಕದು. ಆ ದಿನಗಳಲ್ಲಿ ಅದು ಉಸಿರಾಡೋ ಗಾಳಿ ನಮ್ಮ ಕೈಯಲ್ಲಿದೆ.

ಈ ಮಳೆಗಾಲ ಮುಗಿಯೋದಕ್ಕೆ ಇನ್ನೂ ಸಮಯ ಇದೆ. ಇದುವರೆಗೆ ಮೆಟ್ಟಿಲ ಹತ್ತಿರದಿಂದ ಯಾವ ದೂರೂ ಬಂದಿಲ್ಲ. ಇಲಿ ಸಾಕುವ ಯೋಚನೆ ಇರುವವರು ಮೊದಲು ನಿಮ್ಮ ಪಂಜರದ ಅಳತೆ, ಇಲಿಗಳ ಸಂಖ್ಯೆ ಹಾಕಿ 2ನೇ ಭಾಗದ ಲೆಕ್ಕವನ್ನು ಒಮ್ಮೆ ಮಾಡಿ ನೋಡಿ. ಉತ್ತರ ಗಂಟೆಗೆ 15 ಸಲ ದಾಟಿದರೆ ಪಂಜರ ದೊಡ್ಡದು ಮಾಡಿ, ಇಲ್ಲಾಂದ್ರೆ ಇಲಿ ಕಡಿಮೆ ಮಾಡಿ. ಲೆಕ್ಕದಲ್ಲಿ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಕನ್ನಡ ಸಂಘದ ರೂಮಿಗೆ ಬನ್ನಿ, ಕೂತು ಮಾಡೋಣ.